ಕಂಪ್ಯೂಟರಿನೊಳಗಿನ ಕಂಪ್ಯೂಟರ್ ವೈರಸ್ಸಿಗೆ ಕೋಟೆಯೇ?

"ಲ್ಯಾಪ್‌ಟಾಪಿನಲ್ಲಿ ಒಂದು ವರ್ಚುಯಲ್ ಮಷೀನ್ ಹಾಕಿಕೊಳ್ಳಿ, ಆಮೇಲೆ ಅದರೊಳಗೆ ಯಾವ ಲಿಂಕ್ ಬೇಕಾದರೂ ತೆರೆಯಿರಿ, ಏನೂ ಆಗುವುದಿಲ್ಲ" ಎನ್ನುವ ಸಲಹೆ ನಮಗೆಲ್ಲ ಆಗಾಗ ಸಿಗುತ್ತದೆ. ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ನಂಬಿದರೆ ಬ್ಯಾಂಕ್ ಖಾತೆ ಖಾಲಿಯಾಗಬಹುದು.

ವರ್ಚುಯಲ್ ಮಷೀನ್ ಎಂದರೆ ತಂತ್ರಾಂಶವೇ ಸೃಷ್ಟಿಸಿದ ಕಂಪ್ಯೂಟರ್. ಅದಕ್ಕೂ ಪ್ರೊಸೆಸರ್, ಮೆಮೊರಿ, ಡಿಸ್ಕ್ ಇರುತ್ತವೆ, ಆದರೆ ಎಲ್ಲವೂ ನಿಜವಾದ ಕಂಪ್ಯೂಟರಿನಿಂದ ಪಾಲು ಪಡೆದಂಥವು. ಅದರ ಡಿಸ್ಕ್ ಸಾಮಾನ್ಯವಾಗಿ ನಮ್ಮ ಡಿಸ್ಕಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೇ. ಇದು ಹೊಸ ಉಪಾಯವಲ್ಲ. ಐಬಿಎಂ ಸಂಸ್ಥೆ ತನ್ನ ದೊಡ್ಡ ಕಂಪ್ಯೂಟರುಗಳಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿ ತೋರಿಸಿತ್ತು.

ಈ ಪಾಲು ಹಂಚುವ ತಂತ್ರಾಂಶದ ಹೆಸರು ಹೈಪರ್‌ವೈಸರ್. ಅದು ಎಲ್ಲಿ ಕೂರುತ್ತದೆ ಎನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ. ವರ್ಚುಯಲ್‌ಬಾಕ್ಸ್‌ನಂಥ ತಂತ್ರಾಂಶ ನಮ್ಮ ವಿಂಡೋಸ್ ಅಥವಾ ಲಿನಕ್ಸ್ ಮೇಲೆ ಇನ್ನೊಂದು ಆಪ್‌ನಂತೆ ಕೂರುತ್ತದೆ. ಮಾಲೀಕರು ವಾಸವಿರುವ ಮನೆಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದ ಹಾಗೆ. ವಿಎಂವೇರ್ ಇಎಸ್‌ಎಕ್ಸ್‌ಐ, ಜೆನ್ ಮುಂತಾದವು ಬರಿಯ ಯಂತ್ರಾಂಶದ ಮೇಲೇ ನೇರವಾಗಿ ಕೂರುತ್ತವೆ. ಇದು ವಠಾರ: ಮಾಲೀಕರ ಸಂಸಾರ ಅಲ್ಲಿಲ್ಲ, ಜಾಗವೆಲ್ಲ ಬಾಡಿಗೆದಾರರಿಗೆ. ದೊಡ್ಡ ಸರ್ವರುಗಳಿಗೆ ಹೆಚ್ಚಾಗಿ ಒಪ್ಪುವುದು ಈ ಎರಡನೆಯ ಬಗೆ.

ಗೆರೆ ಇಷ್ಟು ಸ್ಪಷ್ಟವಾಗಿಲ್ಲ ಅನ್ನುವುದೂ ನಿಜ. 2007ರಲ್ಲಿ ಕೆವಿಎಂ ಸೇರಿಕೊಂಡ ಮೇಲೆ ಲಿನಕ್ಸ್ ತಾನೇ ಹೈಪರ್‌ವೈಸರ್ ಕೆಲಸ ಮಾಡಬಲ್ಲದು. ವಿಂಡೋಸಿನಲ್ಲಿ ಹೈಪರ್-ವಿ ಚಾಲೂ ಮಾಡಿದರೆ ನಾವು ನೋಡುತ್ತಿರುವ ವಿಂಡೋಸೇ ಅದರ ಮೇಲೆ ಹೋಗಿ ಕೂರುತ್ತದೆ. ಮಾಲೀಕನೇ ವಠಾರದ ಮೊದಲ ಬಾಡಿಗೆದಾರನಾದಂತೆ!

ವೇಗದ ವಿಷಯದಲ್ಲಿ ದೂರು ಸ್ವಲ್ಪ ಅತಿ. 2005-06ರಲ್ಲಿ ಇಂಟೆಲ್, ಎಎಂಡಿ ತಮ್ಮ ಪ್ರೊಸೆಸರುಗಳಲ್ಲೇ ಇದಕ್ಕೆ ನೆರವು ಸೇರಿಸಿದ ಮೇಲೆ ಲೆಕ್ಕಾಚಾರದ ಕೆಲಸ ಎರಡೂ ಬಗೆಯಲ್ಲಿ ಚುರುಕಾಗಿ ನಡೆಯುತ್ತದೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಒಳಗಿನದಕ್ಕೆ ಕೊಟ್ಟರೆ ಹೊರಗಿನದು ಏದುಸಿರು ಬಿಡುವುದು ಸಹಜ.

ಈಗ ಸುರಕ್ಷತೆಗೆ ಬರೋಣ. ಒಳಗಿನ ವೈರಸ್ ಹೊರಗೆ ಬರುವುದು ಕಷ್ಟ, ಆದರೆ ಅಸಾಧ್ಯವಲ್ಲ. 2015ರಲ್ಲಿ ವೆನಮ್ ಎಂಬ ದೋಷ ಪತ್ತೆಯಾಯಿತು. ಅದು ಇದ್ದದ್ದು ಎಲ್ಲಿ ಗೊತ್ತೇ? ಯಾರೂ ಬಳಸದ ಫ್ಲಾಪಿ ಡ್ರೈವನ್ನು ಅನುಕರಿಸುವ ಹಳೆಯ ಕೋಡಿನಲ್ಲಿ! ಜೆನ್, ಕೆವಿಎಂ ಎರಡಕ್ಕೂ ಅದರ ಬಿಸಿ ತಟ್ಟಿತು. 2023ರ ಫೆಬ್ರವರಿಯಲ್ಲಂತೂ ಇಎಸ್‌ಎಕ್ಸ್‌ಐ ಸರ್ವರುಗಳ ಮೇಲೆಯೇ ರ‍್ಯಾನ್ಸಮ್‌ವೇರ್ ದಾಳಿ ನಡೆದು, ವರ್ಚುಯಲ್ ಮಷೀನುಗಳ ಫೈಲುಗಳಿಗೆ ಬೀಗ ಬಿತ್ತು. ಸಿಕ್ಕಿಬಿದ್ದವು ಹೆಚ್ಚಾಗಿ ಅಪ್‌ಡೇಟ್ ಕಾಣದ ಹಳೆಯ ಆವೃತ್ತಿಗಳು.

ಮನೆಯಲ್ಲಿ ಬಳಸುವವರಿಗೆ ಅಪಾಯ ಇದಕ್ಕಿಂತ ಸರಳ. ಒಳಗಿನ, ಹೊರಗಿನ ಕಂಪ್ಯೂಟರುಗಳ ನಡುವೆ ಹಂಚಿಕೊಂಡ ಫೋಲ್ಡರ್ ಇದ್ದರೆ ವೈರಸ್ಸಿಗೆ ಬಾಗಿಲು ಒಡೆಯುವ ಕಷ್ಟವೇ ಇಲ್ಲ, ಆ ಫೋಲ್ಡರಿನ ಫೋಟೋಗಳು ಅದರ ಕೈಗೆ ನೇರವಾಗಿ ಸಿಗುತ್ತವೆ. ಇನ್ನು ಹೊರಗಿನ ವಿಂಡೋಸಿಗೇ ವೈರಸ್ ತಗುಲಿದ್ದರೆ, ಒಳಗೆ ಕೂತು ನೆಟ್‌ಬ್ಯಾಂಕಿಂಗ್ ಮಾಡಿ ಪ್ರಯೋಜನವಿಲ್ಲ. ನಾವು ಒತ್ತುವ ಪ್ರತಿ ಕೀಲಿಯೂ ಮೊದಲು ಹೊರಗಿನದನ್ನು ದಾಟಿಯೇ ಒಳಗೆ ಹೋಗಬೇಕಲ್ಲ!

ನಕಲಿ ಬ್ಯಾಂಕ್ ಪುಟದಲ್ಲಿ ಪಾಸ್‌ವರ್ಡ್, ಒಟಿಪಿ ತುಂಬಿದರೆ ಯಾವ ಬಗೆಯ ಹೈಪರ್‌ವೈಸರೂ ತಡೆಯದು. ಅಲ್ಲಿ ಮೋಸಹೋಗುವುದು ಕಂಪ್ಯೂಟರಲ್ಲ. ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲು ತೆರೆದುಕೊಳ್ಳುವುದು ಫೋನಿನಲ್ಲಿ. ಲ್ಯಾಪ್‌ಟಾಪಿನ ವರ್ಚುಯಲ್ ಮಷೀನಿಗೆ ಅದರ ಸುದ್ದಿಯೂ ಇರುವುದಿಲ್ಲ. ಹಣ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಜೊತೆಗೆ ಬ್ಯಾಂಕಿಗೂ ತಿಳಿಸಿ.