ಕೊಕ್ಕರೆ ಬೆಳ್ಳೂರಿನ ಮನೆಗೆ ಪಿಸ್ತೂಲು ಬೇಕೇ ಸ್ವಾಮಿ?

ಮೊನ್ನೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಜೋರು ಚರ್ಚೆ. ಒಬ್ಬರು ಕೊಕ್ಕರೆ ಬೆಳ್ಳೂರು ಕಡೆಯ ಗೌಡರು, ಇನ್ನೊಬ್ಬರು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವವರು. ವಡೆ ತಿನ್ನುತ್ತಾ ಅವರು ಮಾತಾಡುತ್ತಿದ್ದುದು ಬೆಲ್ಲದ ರೇಟಲ್ಲ, ಕಬ್ಬಿನ ಬಾಕಿಯೂ ಅಲ್ಲ, ಪಿಸ್ತೂಲಿನ ವಿಚಾರ!

"ತೋಟದ ಮನೇಲಿ ನಾನೂ ನಮ್ಮನೆಯವ್ಳೂ ಇಬ್ರೇ ಕಣಣ್ಣ. ಮಕ್ಳೆಲ್ಲ ಬೆಂಗ್ಳೂರು ಸೇರ್ಕೊಂಡವ್ರೆ. ರಾತ್ರಿ ನಾಯಿ ಬೊಗಳಿದ್ರೆ ಎದೆ ಡವಡವ ಅಂತದೆ. ಸಣ್ಣದೊಂದು ಪಿಸ್ತೂಲು ದಿಂಬಿನ ಕೆಳಗಿದ್ರೆ ಧೈರ್ಯ ಅಲ್ವಾ?" ಎಂದು ಗೌಡರು. "ನಂಗೂ ಒಂದು ಬೇಕು ಗೌಡ್ರೇ, ರಾತ್ರಿ ಗಲ್ಲಾ ಎಣಿಸ್ಕೊಂಡು ಒಬ್ನೇ ಸ್ಕೂಟರಲ್ಲಿ ಹೋಗೋನು" ಎಂದು ಅಂಗಡಿಯವರು.

ಇದನ್ನು ನಗೆಚಾಟಿಕೆ ಎಂದು ತಳ್ಳಿಹಾಕುವಂತಿಲ್ಲ. ವಯಸ್ಸಾದ ಇಬ್ಬರೇ ಇರುವ ಮನೆಗಳು ಈಗ ಪ್ರತಿ ಹಳ್ಳಿಯಲ್ಲೂ ಇವೆ. ಅವರ ಭಯ ನಿಜವಾದದ್ದು. ಪಿಸ್ತೂಲು ಆ ಭಯಕ್ಕೆ ಮದ್ದೇ ಎಂಬುದಷ್ಟೇ ಪ್ರಶ್ನೆ.

ಮೊದಲು ಸಾಮಾನಿನ ವಿಷಯ. ಪೊಲೀಸರ ಸೊಂಟದಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ಜನಸಾಮಾನ್ಯರಿಗೆ ಸಿಕ್ಕುವ ಮಾಲಲ್ಲ, ಅದು ಕಾನೂನಿನಲ್ಲಿ ನಿಷೇಧಿತ ಬೋರು. ನಮ್ಮ ನಿಮ್ಮಂಥವರಿಗೆ ಸಿಕ್ಕುವುದು .32 ಬೋರು, ಅಂದರೆ 7.65 ಎಂ.ಎಂ. ಸರ್ಕಾರಿ ಕಾರ್ಖಾನೆಯ 'ಅಶನಿ' ಎಂಬ ಪಿಸ್ತೂಲು ಈ ಜಾತಿಯದು. ಅಂಗೈಗಿಂತ ಕೊಂಚ ದೊಡ್ಡದು, ಜುಬ್ಬದ ಜೇಬಿಗೆ ಹಿಡಿಸುವಂಥದ್ದು. ಬೆಲೆ ಕೇಳಿದರೆ ಒಂದು ಜೊತೆ ಹಳ್ಳಿಕಾರ್ ಎತ್ತಿನ ದುಡ್ಡು.

ಚಿಕ್ಕದು ಎಂದು ಅಸಡ್ಡೆ ಬೇಡ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಎಂ.ಎಂ. ನಾಡ ಪಿಸ್ತೂಲೇ ಎಂದು ತನಿಖೆ ಹೇಳಿತು. ಇಬ್ಬರೂ ಬಿದ್ದದ್ದು ತಮ್ಮ ಮನೆಯ ಬಾಗಿಲಲ್ಲೇ. ಕೊಲ್ಲಲೆಂದೇ ಬಂದವನಿಗೆ ಹೊತ್ತು ಗೊತ್ತಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. ಒಳಗೆ ಬೀರುವಿನಲ್ಲಿ ಪಿಸ್ತೂಲಿದ್ದರೆ ಆ ಗಳಿಗೆಯಲ್ಲಿ ಏನು ಪ್ರಯೋಜನ?

ಇನ್ನು ಯಂತ್ರ. ಹಳೇ ಜೋಡುನಳಿಗೆ ಕೋವಿಯನ್ನು ಮುರಿದು ನೋಡಿದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಹಿಡಿಯೊಳಗೆ ಮ್ಯಾಗಜಿನ್, ಅದರಲ್ಲಿ ಸಾಲಾಗಿ ತೋಟಾ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಒಂದು ತೋಟಾ ನಳಿಗೆಗೆ ಏರುತ್ತದೆ. ಟ್ರಿಗರ್ ಒತ್ತಿದರೆ ಗುಂಡು ಹಾರಿ, ಖಾಲಿ ಕೊಳವೆ ಆಚೆ ಎಗರಿ, ಮುಂದಿನದು ತಾನೇ ಬಂದು ಕೂರುತ್ತದೆ. ಅರೆ ಸ್ವಯಂಚಾಲಿತ ಎನ್ನುವುದು ಇದಕ್ಕೇ. ಅಪಾಯ ಇರುವುದೂ ಇಲ್ಲೇ. ಮ್ಯಾಗಜಿನ್ ಕಿತ್ತಿಟ್ಟು "ಖಾಲಿ ಮಾಡ್ದೆ" ಅಂದುಕೊಂಡರೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು. ರಜಕ್ಕೆ ಬಂದ ಮೊಮ್ಮಗನ ಕೈಗೆ ಅದು ಸಿಕ್ಕರೆ? ಸಿಂಹಪಾಲು ಅನಾಹುತಕ್ಕೆ ಈ ಒಂದೇ ತೋಟಾ ಸಾಕು.

ಡ್ಯೂಟಿಯಲ್ಲಿರುವ ಪೊಲೀಸಪ್ಪನ ಮಾತು ಬೇರೆ. ಬಿಚ್ಚುವುದು, ತುಂಬುವುದು, ಗುರಿ ಇಡುವುದು ಅವನಿಗೆ ಕಸುಬು. ತೋಟಾ ತೋಟಾಕ್ಕೂ ಲೆಕ್ಕ ಬರೆಯುತ್ತಾನೆ, ಫೈರಿಂಗ್ ರೇಂಜಿಗೆ ಹೋಗುತ್ತಾನೆ, ಪಕ್ಕದಲ್ಲಿ ಜೊತೆಗಾರ ಇರುತ್ತಾನೆ. ಕೈಯಲ್ಲಿಟ್ಟುಕೊಂಡು ಎಚ್ಚರವಾಗಿರುವವನಿಗೆ ಸಣ್ಣ ಪಿಸ್ತೂಲು ಒಳ್ಳೆಯ ಆಯುಧ ಎಂಬುದನ್ನು ನಾವು ಒಪ್ಪುತ್ತೇವೆ. ನಮ್ಮ ಗೌಡರು ಎಚ್ಚರವಾಗುವುದು ನಾಯಿ ಬೊಗಳಿದ ಮೇಲೆ. ಲೈಸೆನ್ಸಿನ ಷರತ್ತಿನಂತೆ ಅದನ್ನು ಬೀಗ ಹಾಕಿಟ್ಟಿರಬೇಕು, ದಿಂಬಿನ ಕೆಳಗಲ್ಲ. ಕತ್ತಲಲ್ಲಿ ಕನ್ನಡಕ ಹುಡುಕಿ, ಕೀಲಿ ಹುಡುಕಿ, ಮ್ಯಾಗಜಿನ್ ತುರುಕಿ, ನಡುಗುವ ಕೈಯಲ್ಲಿ ಆ ಬಿಗಿ ಸ್ಪ್ರಿಂಗಿನ ಸ್ಲೈಡ್ ಎಳೆಯುವಷ್ಟರಲ್ಲಿ ಕಳ್ಳ ಹಿತ್ತಲು ದಾಟಿರುತ್ತಾನೆ. ದಾಟದೆ ನಿಂತಿದ್ದರೆ ಇನ್ನೂ ಕಷ್ಟ, ಪಿಸ್ತೂಲೂ ಅವನ ಪಾಲಾದೀತು. ಅಂಗಡಿಯವರ ಕಥೆಯೂ ಅಷ್ಟೇ. ಸ್ಕೂಟರಿನ ಎರಡೂ ಹಿಡಿಯ ಮೇಲೆ ಕೈಯಿಟ್ಟವರು ಸೊಂಟದ್ದನ್ನು ತೆಗೆಯುವುದು ಯಾವಾಗ?

ಊರಿನ ಸ್ಥಿತಿಯನ್ನೂ ನೋಡಬೇಕು. ಹೆದ್ದಾರಿಯ ರುದ್ರಾಕ್ಷಿಪುರದಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ಬೆಳ್ಳೂರಿನಲ್ಲಿ ಮನೆಗಳು ಒತ್ತೊತ್ತು, ನಡುವೆ ಹುಣಸೆ ಮರ, ಆಲ, ಅರಳಿ. ಮರದ ಮೇಲೆ ಹೆಜ್ಜಾರ್ಲೆ, ಕೊಕ್ಕರೆಗಳ ಸಂಸಾರ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕೆ ಎಷ್ಟೋ ಮೊದಲೇ ಊರಿನವರು ಇವನ್ನು ಮನೆಮಕ್ಕಳಂತೆ ಕಾಪಾಡಿದ್ದರು. ಇಂಥಲ್ಲಿ ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆಯ ಕಿಟಕಿಗೋ, ಹಟ್ಟಿಯಲ್ಲಿ ಮಲಗಿದವರಿಗೋ, ಗೂಡಿಗೋ. ಇನ್ನು ಆನೆ, ಚಿರತೆ ಬಂದರೆ ಎನ್ನುವವರಿಗೆ ಒಂದು ಮಾತು: .32 ಗುಂಡಿಗೆ ಆನೆ ಸಾಯುವುದಿಲ್ಲ, ಕೆರಳುತ್ತದೆ. ಆಮೇಲೆ ಅರಣ್ಯ ಇಲಾಖೆಯ ಕೇಸು ಬೇರೆ.

"ಕೊಡಗಿನೋರು ಇಟ್ಕೊಂಡಿಲ್ವಾ?" ಎಂದು ಗೌಡರು ಕೇಳಿದರು. ಇಟ್ಟುಕೊಂಡಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದು 2029ರವರೆಗೆ ಮುಂದುವರಿದಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ. ಅಲ್ಲಿ ಕೋವಿ ಹುಟ್ಟಿನಿಂದ ಜೊತೆಗೆ ಬಂದದ್ದು, ಹಬ್ಬದಲ್ಲಿ ಪೂಜೆ ಪಡೆಯುವಂಥದ್ದು. ಮಂಡ್ಯ ಜಿಲ್ಲೆಯವರಿಗೆ 1959ರ ಆಯುಧ ಕಾಯಿದೆಯೇ ಗತಿ. ಜಿಲ್ಲಾಧಿಕಾರಿಗೆ ಅರ್ಜಿ, ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟು, ಸುರಕ್ಷಿತವಾಗಿಡುವ ಮುಚ್ಚಳಿಕೆ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ. ಮದುವೆಯಲ್ಲಿ ಶೋಕಿಗೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲಿನ ಊಟ.

ಇಷ್ಟೆಲ್ಲ ಮಾಡಿ ತಂದರೂ ಚುನಾವಣೆ ಬಂತೆಂದರೆ ಪಿಸ್ತೂಲು ಠಾಣೆಗೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಆ ಎರಡನೆಯ ಸಲ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಎಳೆಯಿತು. ಮನೆ ಕಾಯಬೇಕಾದದ್ದನ್ನು ಠಾಣೆ ಕಾಯ್ದುಕೊಂಡು ಕೂತಿತ್ತು!

ಇನ್ನು ಗುಂಡು ಹಾರಿಸಿದ ಮೇಲಿನ ಕಥೆ. ರಾತ್ರಿ ಕನ್ನ ಹಾಕಿ ಒಳನುಗ್ಗಿದವನನ್ನು ತಡೆಯುವಾಗ ಪ್ರಾಣ ಹೋದರೂ ಆತ್ಮರಕ್ಷಣೆ ಎಂದು ಕಾನೂನು ಒಪ್ಪಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಹಕ್ಕು ಇದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟು ಕೊಡುವಂತಿಲ್ಲ. ಎಳನೀರು ಕದ್ದು ಓಡುತ್ತಿದ್ದ ಹುಡುಗನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಅಲ್ಲ, ಕೊಲೆ ಕೇಸು. ಅಗತ್ಯ ಎಷ್ಟಿತ್ತು ಎಂದು ಕೋರ್ಟಿನಲ್ಲಿ ವಿವರಿಸುತ್ತಾ ಗದ್ದೆ ಮಾರಬೇಕಾದೀತು.

ನಮ್ಮನ್ನು ಕೇಳಿದರೆ ಗೌಡರು ಆ ಎತ್ತಿನ ದುಡ್ಡಲ್ಲಿ ಕಾಲು ಭಾಗ ತೆಗೆದು ಹಿತ್ತಲಿಗೆ ದೀಪ, ಬಾಗಿಲಿಗೆ ಅಗುಳಿ, ಪಕ್ಕದ ತೋಟದವರಿಗೆ ಕೇಳಿಸುವಂಥ ಒಂದು ಗಂಟೆ ಹಾಕಿಸಲಿ. ಬೊಗಳುವ ಆ ನಾಯಿಗೆ ಎರಡು ಹೊತ್ತು ಹೊಟ್ಟೆ ತುಂಬ ಹಾಕಲಿ. ಅಂಗಡಿಯವರು ಗಲ್ಲಾ ದುಡ್ಡನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟಲಿ.

ಇಲಾಖೆಯವರಿಗೂ ಒಂದು ಪ್ರಶ್ನೆ ಇದೆ. ರಾತ್ರಿ ಎರಡು ಗಂಟೆಗೆ ಬೆಳ್ಳೂರಿನ ತೋಟದ ಮನೆಯಿಂದ 112ಕ್ಕೆ ಫೋನ್ ಮಾಡಿದರೆ ಜೀಪು ಬಾಗಿಲಿಗೆ ಬರಲು ಎಷ್ಟು ನಿಮಿಷ? ಬೀಟ್ ಪೊಲೀಸರು ವಾರಕ್ಕೆ ಎಷ್ಟು ರಾತ್ರಿ ಆ ಕಡೆ ತಿರುಗುತ್ತಾರೆ? ಊರೂರಿನ ಲೆಕ್ಕವನ್ನು ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಗೌಡರು ಅದನ್ನು ಓದಿಕೊಂಡು ಪಿಸ್ತೂಲಿನ ಅರ್ಜಿ ಹಾಕುವುದೋ ಬಿಡುವುದೋ ತೀರ್ಮಾನ ಮಾಡುತ್ತಾರೆ.