ನೀರು ನಿಂತ ರಸ್ತೆ: ನಿರ್ಧಾರ ಚಾಲಕನದೇ ಆಗಿರಲಿ

ವಯನಾಡಿನಲ್ಲಿ ಮಳೆ ಬಿರುಸಾದೊಡನೆ ಮೈಸೂರಿನ ಉದ್ಯಮಿಗಳು ಎಚ್ಚರಗೊಳ್ಳಬೇಕಾಗುತ್ತದೆ. ಕಬಿನಿ ಜಲಾಶಯದ ಹೊರಹರಿವು ವಿಪರೀತವಾದಾಗ ಮೈಸೂರು–ನಂಜನಗೂಡು ಹೆದ್ದಾರಿಯು ಮಲ್ಲನಮೂಲೆ ಮಠದ ಬಳಿ ಜಲಾವೃತವಾಗುವುದುಂಟು. 2018 ಹಾಗೂ 2019ರ ಆಗಸ್ಟ್‌ನಲ್ಲಿ ಅಲ್ಲಿ ಸಂಚಾರವೇ ಸ್ಥಗಿತಗೊಂಡಿತ್ತು. ನಂಜನಗೂಡು ಕೈಗಾರಿಕಾ ಪ್ರದೇಶದ ಸರಕಿಗೆ ಇದೇ ಮುಖ್ಯ ಮಾರ್ಗ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ವಾಹನಗಳು ನೀರಿನಲ್ಲಿ ಸಿಲುಕಿದವು.

ಇಂತಹ ಸಂದರ್ಭದಲ್ಲಿ ಮಾಲೀಕರಿಂದ ಚಾಲಕನಿಗೆ ಹೋಗುವ 'ಹೇಗಾದರೂ ದಾಟಿಸು' ಎಂಬ ದೂರವಾಣಿ ಕರೆಯೇ ಅಪಾಯದ ಮೂಲ. ಹರಿಯುವ ನೀರು ಒಂದು ಅಡಿಯಷ್ಟಿದ್ದರೂ ಸಣ್ಣ ಕಾರು ತೇಲಬಲ್ಲದು. ಎರಡು ಅಡಿಯ ಪ್ರವಾಹವು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಕಾರು ಮುಳುಗಿ ಯುವತಿಯೊಬ್ಬರು ಅಸುನೀಗಿದ್ದನ್ನು ಮರೆಯಲಾಗದು.

ನೀರು ಹರಿಯದೆ ನಿಂತಿದ್ದು, ರಸ್ತೆ ಪರಿಚಿತವಾಗಿದ್ದು, ಆಳವು ಚಕ್ರದ ಅರ್ಧಕ್ಕಿಂತ ಕಡಿಮೆಯಿದ್ದರೆ ಮಾತ್ರ ದಾಟುವ ಯೋಚನೆ ಮಾಡಬಹುದು. ಆಗಲೂ ಎದುರಿನ ವಾಹನ ದಾಟಿಹೋಗುವವರೆಗೆ ಕಾಯಬೇಕು. ಅದು ಎಬ್ಬಿಸುವ ಅಲೆಯಿಂದ ನೀರಿನ ಮಟ್ಟ ಏರುತ್ತದೆ. ಮೊದಲ ಗೇರಿನಲ್ಲಿ, ಒಂದೇ ನಿಧಾನ ವೇಗದಲ್ಲಿ, ನಡುವೆ ನಿಲ್ಲದೆ ಸಾಗಬೇಕು. ದಡ ಸೇರಿದ ಮೇಲೆ ಬ್ರೇಕನ್ನು ಹಗುರವಾಗಿ ಹಲವು ಬಾರಿ ಒತ್ತಿ ಒಣಗಿಸಿಕೊಳ್ಳಬೇಕು. ಎಂಜಿನ್ ನೀರಿನಲ್ಲಿಯೇ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಪಿಸ್ಟನ್ ತಡೆಯಲ್ಪಟ್ಟು ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈ ಹಾನಿಯನ್ನು ಸಾಮಾನ್ಯ ವಾಹನ ವಿಮೆಯು ಬಹುತೇಕ ಭರಿಸುವುದಿಲ್ಲ; ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಪ್ರತ್ಯೇಕವಾಗಿ ಪಡೆದಿರಬೇಕು. ಒಂದು ದಿನದ ವಿಳಂಬವನ್ನು ಉಳಿಸಹೊರಟವರು ಎಂಜಿನ್ನನ್ನೂ, ನೆನೆದ ಸರಕನ್ನೂ, ವಾರಗಟ್ಟಲೆ ಬಾಡಿಗೆಯನ್ನೂ ಕಳೆದುಕೊಳ್ಳುವುದು ಯಾವ ಲೆಕ್ಕದ ವ್ಯಾಪಾರ?

ಆದುದರಿಂದ ಮಳೆಗಾಲಕ್ಕೆ ಮುನ್ನವೇ ಪ್ರತಿಯೊಂದು ಸಂಸ್ಥೆಯೂ ಲಿಖಿತ ನಿಯಮವೊಂದನ್ನು ರೂಪಿಸಿಕೊಳ್ಳುವುದು ಲೇಸು. ವಾಹನ ನಿಲ್ಲಿಸುವ ಅಧಿಕಾರ ಚಾಲಕನಿಗಿರಲಿ. ಬಳಸು ದಾರಿಯ ಡೀಸೆಲ್ ಖರ್ಚು ಮಾಲೀಕರದಾಗಿರಲಿ. ಪ್ರವಾಹದಿಂದಾದ ವಿಳಂಬಕ್ಕೆ ದಂಡವಿಲ್ಲವೆಂದು ಗ್ರಾಹಕರೊಡನೆ ಒಪ್ಪಂದವಾಗಲಿ. ತಗ್ಗಿನ ಸ್ಥಳಗಳಲ್ಲಿ ನೀರಿನ ಆಳ ತೋರುವ ಅಳತೆಗಂಬಗಳನ್ನು ನೆಡುವಂತೆ ಉದ್ಯಮಿಗಳು ಒಕ್ಕೊರಲಿನಿಂದ ಆಡಳಿತವನ್ನು ಒತ್ತಾಯಿಸಬೇಕು. ತಡವಾಗಿ ತಲುಪಿದ ಸರಕಿಗೆ ಗ್ರಾಹಕರ ಕ್ಷಮೆ ಕೇಳಬಹುದು. ಮರಳಿ ಬಾರದ ಚಾಲಕನ ಮನೆಯವರಿಗೆ ಹೇಳಲು ಯಾರ ಬಳಿಯೂ ಮಾತಿರದು.