ಎರಡು ಅಗ್ನಿಪ್ರಳಯಗಳ ಭಸ್ಮ

ಟೋಕಿಯೋ ನಗರದ ಪೂರ್ವಭಾಗದಲ್ಲಿ, ಸುಮಿದಾ ನದಿಯ ದಡಕ್ಕೆ ಸಮೀಪವಾಗಿ, ಯೊಕೊಅಮಿಚೊ ಎಂಬ ಉದ್ಯಾನವಿದೆ. ಅದರೊಳಗೆ ಭಾರವಾದ ಮಾಡಿನ ಒಂದು ಮಂದಿರ. ಅದರ ಹಿಂದೆ ಮೂರು ಅಂತಸ್ತಿನ ಗೋಪುರ. ಮೊದಲು ಕಂಡವರು ಶತಮಾನಗಳಷ್ಟು ಹಳೆಯ ಬೌದ್ಧಾಲಯವೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು 1930ರಲ್ಲಿ ಕಟ್ಟಿದ ಕಾಂಕ್ರೀಟಿನ ಕಟ್ಟಡ. ಮರದ ಮನೆಗಳ ನಗರವೊಂದು ಉರಿದುಹೋದುದರ ನೆನಪಿಗೆ ನಿಂತದ್ದು ಮರದಿಂದಲೇ ಆಗುವುದಾದರೂ ಹೇಗೆ!

1923ನೆಯ ಇಸವಿ ಸೆಪ್ಟೆಂಬರ್ 1, ಶನಿವಾರ. ಹಗಲು 11 ಗಂಟೆ 58 ನಿಮಿಷಕ್ಕೆ ಭೂಮಿ ನಡುಗಿತು. ಮನೆಮನೆಗಳಲ್ಲಿ ಮಧ್ಯಾಹ್ನದ ಅಡಿಗೆಗಾಗಿ ಒಲೆ ಹೊತ್ತಿಸಿದ್ದ ಹೊತ್ತು ಅದು. ಕುಸಿದ ಮನೆಗಳಿಗೆ ಅದೇ ಒಲೆಗಳ ಕೆಂಡ ತಗುಲಿತು; ಅಂದು ಬೀಸುತ್ತಿದ್ದ ಬಿರುಗಾಳಿ ಉರಿಯನ್ನು ಬೀದಿಯಿಂದ ಬೀದಿಗೆ ಹಾಯಿಸಿತು. ಟೋಕಿಯೋ, ಯೊಕೊಹಾಮಾ ಹಾಗೂ ಸುತ್ತಣ ಪ್ರಾಂತಗಳಲ್ಲಿ ಮಡಿದವರು ಸುಮಾರು 1,05,000 ಮಂದಿ. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಕಂಪವಲ್ಲ, ಬೆಂಕಿ.

ಇಂದು ಮಂದಿರವಿರುವ ನೆಲ ಅಂದು ಬಟ್ಟಬಯಲು. ಸೇನೆಯ ಉಡುಪಿನ ಉಗ್ರಾಣವಿದ್ದ ಜಾಗ. ಉಗ್ರಾಣವನ್ನು ಬೇರೆಡೆಗೆ ಸಾಗಿಸಿದ ಮೇಲೆ, ಉದ್ಯಾನವನ್ನಾಗಿಸಲೆಂದು ನಗರಸಭೆ ಅದನ್ನು ಕೊಂಡಿತ್ತು. ಇಕ್ಕಟ್ಟಾದ ಓಣಿಗಳ ಜನರಿಗೆ ಅದಕ್ಕಿಂತ ಕ್ಷೇಮವಾದ ತಾಣ ಇನ್ನೆಲ್ಲಿ? ಮಕ್ಕಳೊಡನೆ, ಮುದುಕರೊಡನೆ, ಹಾಸಿಗೆ ಪೆಟ್ಟಿಗೆಗಳನ್ನು ಕೈಗಾಡಿಗಳಲ್ಲಿ ಹೇರಿಕೊಂಡು ಸಾವಿರಾರು ಮಂದಿ ಅಲ್ಲಿ ಸೇರಿದರು. ಕೈಗೆ ಸಿಕ್ಕಷ್ಟು ಸಂಸಾರವನ್ನು ಉಳಿಸಿಕೊಂಡೆವೆಂಬ ಸಮಾಧಾನವೂ ಕೆಲವರಿಗೆ ಇದ್ದಿರಬೇಕು. ಸಂಜೆ ನಾಲ್ಕರ ಸುಮಾರಿಗೆ ಕಿಡಿಗಳು ಹಾರಿಬಂದು ಆ ಹಾಸಿಗೆಗಳಿಗೇ ಹೊತ್ತಿಕೊಂಡವು. ಅಷ್ಟರಲ್ಲಿ ಉರಿಯ ಸುಳಿಗಾಳಿಯೊಂದು ಎದ್ದು, ಮನುಷ್ಯರನ್ನೂ ಗಾಡಿಗಳನ್ನೂ ಎತ್ತಿ ಒಗೆಯಿತು. ಆ ಒಂದೇ ಬಯಲಿನಲ್ಲಿ ಸುಮಾರು 38,000 ಜನ ಬೆಂದುಹೋದರು. ಹೆಣಗಳ ಗುರುತು ಹಿಡಿಯುವುದು ಅಸಾಧ್ಯವಾಗಿ, ಅಲ್ಲಿಯೇ ದಹನಮಾಡಿ ಭಸ್ಮವನ್ನು ರಾಶಿಹಾಕಬೇಕಾಯಿತು.

ಸ್ಮಾರಕಕ್ಕಾಗಿ ಸ್ಪರ್ಧೆ ನಡೆದಾಗ ಮೊದಲ ಬಹುಮಾನ ಪಡೆದ ನಕಾಶೆ ಪಾಶ್ಚಾತ್ಯ ರೀತಿಯದಾಗಿತ್ತು. ಸತ್ತವರಿಗೆ ಸಲ್ಲುವ ರೂಪ ಇದಲ್ಲವೆಂದು ಬೌದ್ಧರು ಪ್ರತಿಭಟಿಸಿದರು. ಕೊನೆಗೆ ಕೆಲಸ ಇಟೊ ಚೂಟ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂತು. ಚೀನಾ, ಬರ್ಮಾ, ಭಾರತ, ತುರ್ಕಿಗಳನ್ನು ವರ್ಷಗಟ್ಟಲೆ ಸುತ್ತಿ ಬಂದಿದ್ದ ವಿದ್ವಾಂಸ ಆತ. ಉದ್ಯಾನದಲ್ಲಿರುವ ಘಂಟೆ ಮೃತರಿಗಾಗಿ ಚೀನಾದ ಬೌದ್ಧರು ಕಳುಹಿದ ಕಾಣಿಕೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಬೆಂಕಿಗೆ ಕರಗಿ ಒಂದೇ ಮುದ್ದೆಯಾದ ಮೊಳೆಗಳನ್ನು ಕಾಣಬಹುದು.

ಗೋಪುರದಲ್ಲಿ ಭೂಕಂಪಕ್ಕೆ ಬಲಿಯಾದ 58,000 ಮಂದಿಯ ಭಸ್ಮವನ್ನಿರಿಸಲಾಯಿತು. ಆದರೆ 1945ನೆಯ ಮಾರ್ಚ್ 10ರ ರಾತ್ರಿ ಅಮೆರಿಕದ ವಿಮಾನಗಳು ಇದೇ ಪೂರ್ವಭಾಗದ ಮೇಲೆ ಬೆಂಕಿಯ ಮಳೆಗರೆದವು. ಯುದ್ಧಾನಂತರ, ಬಾಂಬುಗಳಿಗೆ ಬಲಿಯಾದವರ ಭಸ್ಮವನ್ನೂ ಇಲ್ಲಿಗೇ ತಂದರು. 1951ರಲ್ಲಿ ಮಂದಿರದ ಹೆಸರನ್ನು ಬದಲಾಯಿಸಲಾಯಿತು. ಈಗ ಅಲ್ಲಿರುವುದು ಸುಮಾರು 1,63,000 ಮಂದಿಯ ಭಸ್ಮ. ವರ್ಷಕ್ಕೆರಡು ಬಾರಿ, ಸೆಪ್ಟೆಂಬರ್ 1ರಂದು ಮತ್ತು ಮಾರ್ಚ್ 10ರಂದು, ಅಲ್ಲಿ ಶಾಂತಿಪ್ರಾರ್ಥನೆ ನಡೆಯುತ್ತದೆ.

ಉದ್ಯಾನದಲ್ಲಿ ಇನ್ನೊಂದು ಶಿಲೆಯಿದೆ. ನಿಂತದ್ದು 1973ರಲ್ಲಿ, ಅರ್ಧ ಶತಮಾನ ತಡವಾಗಿ. ಭೂಕಂಪದ ಮರುದಿನಗಳಲ್ಲಿ, ಕೊರಿಯನ್ನರು ಬಾವಿಗೆ ವಿಷ ಬೆರೆಸಿದರು, ಮನೆಗಳಿಗೆ ಬೆಂಕಿಯಿಟ್ಟರು ಎಂಬ ಸುಳ್ಳು ಸುದ್ದಿ ಹಬ್ಬಿತು. ಅದನ್ನು ನಂಬಿದ ಜನರ ತಂಡಗಳೂ ಸೈನಿಕರೂ ಪೊಲೀಸರೂ ಅವರನ್ನು ಹುಡುಕಿ ಕೊಂದರು. ಸತ್ತವರೆಷ್ಟೆಂಬ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. 6,000ಕ್ಕೂ ಮಿಕ್ಕಿ ಎನ್ನುತ್ತದೆ ಶಿಲೆಯ ಬರಹ. ಪ್ರತಿ ಸೆಪ್ಟೆಂಬರ್ 1ರಂದು ಆ ಶಿಲೆಯ ಮುಂದೆಯೂ ಜನ ಸೇರುತ್ತಾರೆ. ಅಲ್ಲಿಗೆ ಟೋಕಿಯೋ ರಾಜ್ಯಪಾಲರಿಂದ ಸಂತಾಪದ ಸಂದೇಶ ಬರುವ ವಾಡಿಕೆಯಿತ್ತು. 2017ರಲ್ಲಿ ಅದು ನಿಂತಿತು.